ಮೂಸೆಯ ಮುಂದೆ ಯಾರಿದ್ದರು?

‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆ ಕೇಳಿಕೊಂಡೇ ಬೆಳೆದವ ನಾನು. ಕುಮಟಾ ಕಡೆಯ ಶೇಟರ ಮನೆ ನಮ್ಮದು. ಅಜ್ಜನಿಗೆ ಕುಲುಮೆಯಿತ್ತು, ಅಪ್ಪನಿಗೆ ಕುಲುಮೆಯೂ ಸಾಲವೂ ಇದ್ದವು, ನನಗೆ ದುಬೈ ವೀಸಾ ಸಿಕ್ಕಿತು. ದೇರಾದ ಗೋಲ್ಡ್ ಸೂಕ್‌ನ ಹಿಂದಿನ ಗಲ್ಲಿಯಲ್ಲಿ ಹಳೆ ಚಿನ್ನ ಕೊಳ್ಳುವ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಕೂತು ಬಂದಿದ್ದೇನೆ. ಮುಂದಿನ ಬೀದಿಯಲ್ಲಿ ಗಿನ್ನೆಸ್ ದಾಖಲೆಯ ದೈತ್ಯ ಉಂಗುರದ ಪಕ್ಕ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಗಲ್ಲಿಗೆ ಬರುವವರು ಫೋಟೋ ತೆಗೆಯುವುದಿಲ್ಲ. ಜೋಡಿ ಕಳೆದುಕೊಂಡ ಬೆಂಡೋಲೆ, ಕೊಂಡಿ ಮುರಿದ ಸರ, ಮಕ್ಕಳ ಕೈಗೆ ಹಿಡಿಸದ ಬಳೆ, ಒಮ್ಮೊಮ್ಮೆ ಕರಿಮಣಿ ಸಮೇತ ಮಂಗಳಸೂತ್ರ. ಇವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಮಾತು: ಇಲ್ಲಿ ಮಾರುವುದೋ, ಊರಿಗೆ ಒಯ್ಯುವುದೋ, ಇನ್ನೆಲ್ಲಾದರೂ ಕಳಿಸಿದರೆ ಹೆಚ್ಚು ಸಿಗುತ್ತದೋ?

ಇದಕ್ಕೆ ಉತ್ತರ ಹೇಳಬೇಕಾದರೆ ಮೂಸೆಯಿಂದ ಶುರುಮಾಡಬೇಕು.

ತಕ್ಕಡಿಯ ಮೇಲೆ ಸರಿಯಾಗಿ 100 ಗ್ರಾಂ ಹಳೆ ಒಡವೆ ಇದೆ ಅಂದುಕೊಳ್ಳಿ. ಮಾರುವವರ ಮನಸ್ಸಿನ ಲೆಕ್ಕ ಸುಲಭ: 22 ಕ್ಯಾರಟ್, ಅಂದರೆ 916, ಅಂದರೆ 91.6 ಗ್ರಾಂ ಅಪರಂಜಿ. ನಾವು ಮೊದಲು ಹರಳು, ಕರಿಮಣಿ, ಬಳೆಯ ಹೊಟ್ಟೆಯಲ್ಲಿ ತುಂಬಿದ ಅರಗು ಎಲ್ಲವನ್ನೂ ಬಿಡಿಸುತ್ತೇವೆ. ಉಳಿಯುವುದು 96. ಬಿಳಿಗಾರ ಉದುರಿಸಿ ಮೂಸೆಯಲ್ಲಿ ಕರಗಿಸಿದರೆ ವರ್ಷಾನುಗಟ್ಟಲೆ ಕೂತ ಬೆವರು, ಎಣ್ಣೆ, ಸೋಪಿನ ಜಿಡ್ಡು ಸುಟ್ಟುಹೋಗಿ ಗಟ್ಟಿ 95.4 ತೂಗುತ್ತದೆ. ಆ ಗಟ್ಟಿಯ ಚೂರನ್ನು ಪರೀಕ್ಷೆ ಮಾಡಿದರೆ 916 ಬರುವುದಿಲ್ಲ, 905 ಬರುತ್ತದೆ. ಕೊಂಡಿ, ಕುಣಿಕೆ, ಗುಂಡುಗಳಿಗೆಲ್ಲ ಹಾಕಿದ ಬೆಸುಗೆ ಕಡಿಮೆ ಟಚ್‌ನದು, ಅಂದರೆ ಕಡಿಮೆ ಶುದ್ಧತೆಯದು; ಕರಗಿದಾಗ ಎಲ್ಲವೂ ಒಂದಾಯಿತು. 95.4ಕ್ಕೆ 905ರಂತೆ ಲೆಕ್ಕ ಹಾಕಿದರೆ 86.3 ಗ್ರಾಂ. ಮಾರುವವರು ಎಣಿಸಿದ್ದಕ್ಕಿಂತ 5.3 ಗ್ರಾಂ ಕಡಿಮೆ. ಯಾರೂ ಕದ್ದಿಲ್ಲ. ಆದರೆ ನಂಬುವುದು ಹೇಗೆ? ಗಾದೆ ಇದೆಯಲ್ಲ!

ಬೈಂದೂರು ಕಡೆಯ ಒಬ್ಬ ನರ್ಸ್ ಬಂದಿದ್ದರು, ಅಬುಧಾಬಿಯಲ್ಲಿ ಕೆಲಸ. ಅಮ್ಮನ ಎರಡು ಬಳೆ, ತಮ್ಮ ಒಂದು ಸರ. ತೂಕ ನೋಡಿದ ಕೂಡಲೇ ಹುಬ್ಬು ಗಂಟಿಕ್ಕಿದರು.

‘ಎಂತ ಶೇಟ್ರೇ, ನಾಲ್ಕ್ ಗ್ರಾಂ ಎಲ್ಲ್ ಹೋಯ್ತ್?’

‘ಅಲ್ಲೇ ಇದೆ ಅಕ್ಕ, ಆ ತಟ್ಟೆಯಲ್ಲಿ. ಅರಗು, ಮಣಿ. ಬೇಕಾದ್ರೆ ಕಟ್ಟಿ ಕೊಡ್ತೇನೆ.’

‘ಅರಗ್ ತಕಂಡ್ ನಾನೆಂತ ಮಾಡುದ್?’ ಎಂದು ನಕ್ಕರು. ಆಮೇಲೆ ಒಳಗೆ ಬಂದು ಕುಲುಮೆಯ ಎದುರಿಗೇ ಕೂತರು. ಗಟ್ಟಿ ಎರಕವಾಗುವವರೆಗೂ ಏಳಲಿಲ್ಲ. ಸರಿಯಾದ ಕೆಲಸ. ನನ್ನ ಅನುಭವದಲ್ಲಿ ಹಳೆ ಚಿನ್ನದ ವ್ಯಾಪಾರದಲ್ಲಿ ಕಲಿಯಬೇಕಾದ್ದು ಇಷ್ಟೇ: ಕರಗುವಾಗ ಎದುರಿಗೆ ಇರಬೇಕು. ಗಡಿ ದಾಟಿಸಿ ಕಳಿಸುವುದೆಂದರೆ ಆ ಹಕ್ಕನ್ನು ಬಿಟ್ಟುಕೊಟ್ಟಂತೆ.

ಈಗ ಅಂಗಡಿಗಳಲ್ಲಿ ಎಕ್ಸ್‌ಆರ್‌ಎಫ್ ಯಂತ್ರ ಇರುತ್ತದೆ. ಕ್ಷ-ಕಿರಣ ಬಿಟ್ಟು ಅರೆ ನಿಮಿಷದಲ್ಲಿ ಟಚ್ ಹೇಳುತ್ತದೆ, ಒಡವೆಗೆ ಗಾಯವಿಲ್ಲ. ಆದರೆ ಅದಕ್ಕೆ ಕಾಣುವುದು ಮೇಲ್ಮೈ ಮಾತ್ರ. ದಪ್ಪ ಮುಲಾಮಿನ ಕೆಳಗಿನ ತಾಮ್ರ ಅದರ ಕಣ್ಣಿಗೆ ಬೀಳದೆ ಹೋಗಬಹುದು. ದೊಡ್ಡ ಲೆಕ್ಕಕ್ಕೆ ಇಂದಿಗೂ ಕೊನೆಯ ಮಾತು ಬೆಂಕಿಯ ಪರೀಕ್ಷೆಯದೇ. ಗಟ್ಟಿಯ ಚೂರನ್ನು ಬೆಳ್ಳಿಯ ಜತೆ ಸೀಸದ ತಗಡಿನಲ್ಲಿ ಸುತ್ತಿ, ಮೂಳೆಬೂದಿಯ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಗೆ ತಳ್ಳುತ್ತಾರೆ. ಸೀಸ ತಾಮ್ರವನ್ನೂ ಎಳೆದುಕೊಂಡು ಬಟ್ಟಲಿಗೆ ಇಂಗಿಹೋಗುತ್ತದೆ. ಉಳಿದ ಮಣಿಯನ್ನು ತಟ್ಟಿ ತೆಳುವಾದ ಹಾಳೆ ಮಾಡಿ, ಸುರುಳಿ ಸುತ್ತಿ, ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಹೊರಟುಹೋಗುತ್ತದೆ. ಆಗ ಉಳಿಯುವ ಶುದ್ಧ ಚಿನ್ನ ನೋಡಿದರೆ ಯಾರೂ ಚಿನ್ನ ಅನ್ನಲಾರರು. ಮುಟ್ಟಿದರೆ ಪುಡಿಯಾಗುವ, ಮಂಕು ಕಂದು ಬಣ್ಣದ ಸುರುಳಿ. ಮತ್ತೊಮ್ಮೆ ಕಾಯಿಸಿದಾಗ ಹಳದಿ ಏಳುತ್ತದೆ. ಅದನ್ನು ತೂಗಿ ಮೊದಲಿನ ಚೂರಿನ ತೂಕದಿಂದ ಭಾಗಿಸಿದರೆ ಸಿಗುವ ಅಂಕಿಯೇ ಟಚ್.

ಇನ್ನು ಕಳಿಸುವ ಮಾತು. ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ವಿಮೆ ಇಲ್ಲದ ಸಾಧಾರಣ ಅಂಚೆಯಲ್ಲಿ ಚಿನ್ನ ಹಾಕಿ ಕಳಿಸುವಂತಿಲ್ಲ. ದೊಡ್ಡ ಕೊರಿಯರ್ ಕಂಪನಿಗಳು ಚಿನ್ನದ ಗಟ್ಟಿಯನ್ನು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಒಡವೆಗೂ ನೂರೆಂಟು ಷರತ್ತು. ಕೆಲವರು ಜಾಣತನ ಮಾಡುತ್ತಾರೆ: ‘ಇಮಿಟೇಶನ್ ಜ್ಯುವೆಲರಿ, ಗಿಫ್ಟ್’ ಎಂದು ಬರೆದು ಸ್ವೀಟ್ ಡಬ್ಬಿಯಲ್ಲಿಟ್ಟು ಕಳಿಸುವುದು. ಡಬ್ಬಿ ಕಳೆದರೆ ಸಿಗುವುದು ಇಮಿಟೇಶನ್ ಬೆಲೆ, ಅದೂ ಸಿಕ್ಕಿದರೆ. ಸುಂಕದವರು ಬಿಚ್ಚಿ ನೋಡಿದರೆ ಸುಳ್ಳು ಘೋಷಣೆಯ ಕೇಸು ಬೇರೆ.

ಕೈಯಲ್ಲೇ ಒಯ್ದರೆ? ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಭಾರತಕ್ಕೆ ಮರಳುವ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಒಡವೆಗೆ ಸುಂಕದ ವಿನಾಯಿತಿ ಇದೆ. ನೆನಪಿಡಿ, ಒಡವೆಗೆ, ಗಟ್ಟಿಗೂ ನಾಣ್ಯಕ್ಕೂ ಇದು ಸಲ್ಲದು. ಹಾಗಾಗಿ ‘ಕರಗಿಸಿ ಗಟ್ಟಿ ಮಾಡಿಕೊಡಿ, ಊರಿಗೆ ಒಯ್ಯಲು ಸಲೀಸು’ ಎಂದು ಕೇಳುವವರಿಗೆ ನಾನು ಬೇಡ ಅಂತಲೇ ಹೇಳುತ್ತಿದ್ದೆ. ಮುರುಕು ಬಳೆ ಬಳೆಯಾಗಿರುವವರೆಗೂ ಅದಕ್ಕೊಂದು ಮರ್ಯಾದೆ ಇದೆ. ಕರಗಿಸಿದಿರೋ, ವಿಮಾನ ನಿಲ್ದಾಣದಲ್ಲಿ ಅದು ಆಮದು ಸರಕು.

ಸುಂಕದ ಅಂತರವೇ ಈ ವ್ಯಾಪಾರದ ಅರ್ಧ ಕಥೆ. ಭಾರತ 2022ರ ಜುಲೈನಲ್ಲಿ ಚಿನ್ನದ ಆಮದು ಸುಂಕವನ್ನು ಶೇ 15ಕ್ಕೆ ಏರಿಸಿತು; 2024ರ ಜುಲೈ ಬಜೆಟ್ಟಿನಲ್ಲಿ ಶೇ 6ಕ್ಕೆ ಇಳಿಸಿತು. 15 ಇದ್ದ ದಿನಗಳಲ್ಲಿ ಮಂಗಳೂರಿನ ವಿಮಾನ ಹತ್ತುವ ಹುಡುಗರ ಹಿಂದೆ ಏಜೆಂಟರು ಸುತ್ತುತ್ತಿದ್ದರು. ಚಿನ್ನದ ಪುಡಿಯನ್ನು ಮೇಣದ ಜತೆ ಕಲಸಿ ಉಂಡೆ ಮಾಡಿ, ಹೇಳಲು ನಾಚಿಕೆಯಾಗುವ ಜಾಗದಲ್ಲಿ ಇಟ್ಟುಕೊಂಡು ಬರುವ ಕೆಲಸ. 6ಕ್ಕೆ ಇಳಿದ ಮೇಲೂ ಆಸೆ ಇಳಿದಿಲ್ಲ. 2025ರ ಮಾರ್ಚ್‌ನಲ್ಲಿ ದುಬೈಯಿಂದ ಬಂದ ಚಿತ್ರನಟಿಯೊಬ್ಬರನ್ನು ಬೆಂಗಳೂರಿನಲ್ಲಿ 14 ಕಿಲೋಗೂ ಹೆಚ್ಚು ಚಿನ್ನದ ಆರೋಪದ ಮೇಲೆ ಬಂಧಿಸಿದ ಸುದ್ದಿ ಯಾರಿಗೆ ಗೊತ್ತಿಲ್ಲ?

ನಮ್ಮ ಸಂಬಂಧಿಕರೊಬ್ಬರು ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿ ‘ಹಳೆ ಚಿನ್ನ ಪೋಸ್ಟ್ ಮಾಡಿ, ಹಣ ಪಡೆಯಿರಿ’ ಎನ್ನುವ ವ್ಯಾಪಾರ ಬಹಳ. ಮನೆಗೆ ಲಕೋಟೆ ಬರುತ್ತದೆ, ತುಂಬಿಸಿ ಕಳಿಸಬೇಕು. ಮದುವೆಯಲ್ಲಿ ಕೊಟ್ಟ ಬಳೆಗಳನ್ನು ಕಳಿಸಿದರು. ಮುದ್ರೆಯಿಲ್ಲ, 22 ಅನ್ನಲು ಆಧಾರವಿಲ್ಲ ಎಂದು 18ರ ಲೆಕ್ಕದಲ್ಲಿ ಬೆಲೆ ಹೇಳಿದರು. ವಾಪಸ್ ಕೇಳಿದರೆ ‘ಕರಗಿಸಿ ಆಗಿದೆ’. ಬ್ರಿಟನ್ನಿನ 1973ರ ಹಾಲ್‌ಮಾರ್ಕಿಂಗ್ ಕಾಯ್ದೆಯಂತೆ 1 ಗ್ರಾಂಗಿಂತ ಹೆಚ್ಚು ತೂಕದ ಒಡವೆಯನ್ನು ಅಲ್ಲಿ ಮಾನ್ಯವಾದ ಮುದ್ರೆಯಿಲ್ಲದೆ ಚಿನ್ನವೆಂದು ಹೇಳಿ ಮಾರುವಂತಿಲ್ಲ. ಹಾಗಾಗಿ ನಮ್ಮ ಊರಿನ ಅತ್ಯಂತ ಚೆಂದದ ಕುಸುರಿಯೂ ಅಲ್ಲಿನ ಅಂಗಡಿಯವನಿಗೆ ಕರಗಿಸುವ ಸರಕೇ. ನಮ್ಮಲ್ಲೇ ಹಾಲ್‌ಮಾರ್ಕ್ ಕಡ್ಡಾಯವಾಗಲು ಶುರುವಾದದ್ದು 2021ರ ಜೂನ್‌ನಲ್ಲಿ. ಒಡವೆಗೊಂದರಂತೆ ಆರು ಅಕ್ಷರ-ಅಂಕಿಗಳ ಗುರುತು ಬಂದದ್ದೂ ಆಮೇಲೆಯೇ. ಅದಕ್ಕೂ ಹಿಂದಿನ ನಮ್ಮ ತಾಯಂದಿರ ಒಡವೆಗಳಿಗೆ ಆಚಾರಿಯ ಮಾತೇ ಮುದ್ರೆ.

ಒಟ್ಟಿನಲ್ಲಿ ಗ್ರಾಂ ಲೆಕ್ಕದ ಚಿನ್ನಕ್ಕೆ ಪರದೇಶ ಪ್ರಯಾಣ ಆಗಿಬರುವುದಿಲ್ಲ. ವಿಮೆ, ಸಾಗಣೆ, ಸುಂಕ, ಪರೀಕ್ಷೆಯ ಶುಲ್ಕ ಎಲ್ಲ ಸೇರಿ ಲಾಭವನ್ನು ನುಂಗುತ್ತವೆ. ಕಿಲೋ ಲೆಕ್ಕದ ಚಿನ್ನದ ಲೋಕವೇ ಬೇರೆ.

ನಮ್ಮಂಥ ಹತ್ತಾರು ಅಂಗಡಿಗಳ ಮುರುಕು ದೊಡ್ಡ ವ್ಯಾಪಾರಿಯೊಬ್ಬರ ಬಳಿ ಸೇರುತ್ತದೆ. ಅವರು ಅದನ್ನು ಕರಗಿಸಿ, ಕಲಸಿ, ಒರಟು ಗಟ್ಟಿ ಮಾಡುತ್ತಾರೆ. ಹಾಗೇ ಮುರುಕಾಗಿ ಕಳಿಸಿದರೆ ಸ್ಯಾಂಪಲ್ ತೆಗೆಯುವುದು ಕಷ್ಟ. ಒಂದು ಮೂಲೆಯಲ್ಲಿ 22, ಇನ್ನೊಂದು ಮೂಲೆಯಲ್ಲಿ 14 ಇದ್ದರೆ ಯಾವ ಚೂರನ್ನು ಪರೀಕ್ಷಿಸುವುದು? ಕರಗಿ ಕುದಿಯುವಾಗ ಚೆನ್ನಾಗಿ ತಿರುವಿ, ದ್ರವದಿಂದಲೇ ಸ್ಯಾಂಪಲ್ ಎಳೆಯುವುದು ಒಳ್ಳೆಯ ಪದ್ಧತಿ. ಆಮೇಲೆ ನಂಬರು ಇರುವ ಸೀಲ್ ಚೀಲ, ತೂಕದ ಪಟ್ಟಿ, ಇನ್‌ವಾಯ್ಸ್, ಮೂಲದ ಘೋಷಣೆ. ಬ್ರಿಂಕ್ಸ್, ಮಲ್ಕಾ-ಅಮಿತ್‌ನಂಥ ಭದ್ರತಾ ಸಾಗಣೆಯವರು ಬಾಗಿಲಿನಿಂದ ಬಾಗಿಲಿಗೆ ವಿಮೆ ಸಹಿತ ಒಯ್ಯುತ್ತಾರೆ. ಪೆಟ್ಟಿಗೆಯ ಮೇಲೆ ಚಿನ್ನ ಎಂದು ಬರೆದಿರುವುದಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಸುಂಕದ ಪುಸ್ತಕದಲ್ಲಿ ಒಂದೇ ಲೋಹಕ್ಕೆ ನಾಲ್ಕು ಮನೆ. ಗಟ್ಟಿಯಾದರೆ 7108, ಮುರುಕು-ಕಸವಾದರೆ 7112, ಒಡವೆಯಾದರೆ 7113, ನಾಣ್ಯವಾದರೆ 7118. ಜಗತ್ತಿನ ಬಹುತೇಕ ದೇಶಗಳಲ್ಲಿ ಈ ನಾಲ್ಕಂಕಿ ಒಂದೇ. ಆದರೆ ಯಾವ ಮನೆಗೆ ಎಷ್ಟು ಸುಂಕ, ಯಾವುದಕ್ಕೆ ಪರವಾನಗಿ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಮುರಿದ ಸರ 7112ರದೋ 7113ರದೋ ಎಂಬ ತಕರಾರಿನಲ್ಲಿ ಪೆಟ್ಟಿಗೆಗಳು ಗೋದಾಮಿನಲ್ಲಿ ವಾರಗಟ್ಟಲೆ ಕೂರುತ್ತವೆ. ಆ ವಾರದಲ್ಲಿ ದರ ಬಿದ್ದರೆ ನಷ್ಟ ಕಳಿಸಿದವನದು.

ಪೆಟ್ಟಿಗೆ ತಲುಪಿದ ಮೇಲೆ ಅಲ್ಲಿಯ ಶುದ್ಧೀಕರಣದವರು ಸೀಲ್ ನೋಡಿ, ತೂಗಿ, ಮತ್ತೆ ಕರಗಿಸುತ್ತಾರೆ. ಸ್ಯಾಂಪಲ್ ಮೂರು ಪಾಲು: ಒಂದು ಅವರಿಗೆ, ಒಂದು ಕಳಿಸಿದವರಿಗೆ, ಮೂರನೆಯದು ಮೊಹರು ಹಾಕಿ ಕಪಾಟಿಗೆ. ಇಬ್ಬರ ಅಂಕಿ ಹತ್ತಿರ ಬಂದರೆ ನಡುವಿನದಕ್ಕೆ ಇತ್ಯರ್ಥ. ತೀರಾ ದೂರ ಇದ್ದರೆ ಮೂರನೆಯ ಪಾಲು ಎರಡೂ ಕಡೆಯವರಿಗೆ ಸಂಬಂಧವಿಲ್ಲದ ಪ್ರಯೋಗಾಲಯಕ್ಕೆ ಹೋಗುತ್ತದೆ, ‘ಅಂಪೈರ್’ ಪರೀಕ್ಷೆಗೆ. ಸೋತವರು ಶುಲ್ಕ ಕಟ್ಟಬೇಕು. ಎದುರಿಗೆ ಕೂರಲು ಆಗದವನಿಗೆ ಕಿಲೋ ಲೋಕ ಮಾಡಿಕೊಟ್ಟ ವ್ಯವಸ್ಥೆ ಇದು. 30 ಗ್ರಾಂ ಕಳಿಸಿದವರಿಗೆ ಮೂರನೆಯ ಪಾಲು ಯಾರು ಎತ್ತಿಡುತ್ತಾರೆ?

ಆ ಶುದ್ಧೀಕರಣದ ಮನೆಗಳಲ್ಲಿ ಹೆಸರಾಂತವು ಸ್ವಿಟ್ಜರ್ಲೆಂಡಿನ ದಕ್ಷಿಣ ತುದಿಯಲ್ಲಿ, ಇಟಲಿಯ ಗಡಿಗೆ ತಾಗಿದ ಟಿಚಿನೊ ಪ್ರಾಂತ್ಯದಲ್ಲಿವೆ. ಬಲೆರ್ನಾದ ವಾಲ್ಕಂಬಿ ಅವುಗಳಲ್ಲೊಂದು. ಬೆಂಗಳೂರಿನ ರಾಜೇಶ್ ಎಕ್ಸ್‌ಪೋರ್ಟ್ಸ್ ಅದನ್ನು 2015ರಲ್ಲಿ 40 ಕೋಟಿ ಡಾಲರಿಗೆ ಕೊಂಡಾಗ ನಮ್ಮ ಗಲ್ಲಿಯ ಕನ್ನಡಿಗರೆಲ್ಲ ಒಂದು ಸುತ್ತು ಚಹಾ ಕುಡಿದೆವು. ನಮಗೇನೂ ಲಾಭವಿರಲಿಲ್ಲ, ಆದರೂ.

ಗಡಿ ಎಂಬುದು ಗಟ್ಟಿಯ ಆಕಾರವನ್ನೂ ಬದಲಿಸುತ್ತದೆ. ಲಂಡನ್ನಿನ ಪೇಟೆಗೆ ಬೇಕಾದದ್ದು ಸುಮಾರು 400 ಔನ್ಸ್‌ನ, ಅಂದರೆ ಹನ್ನೆರಡೂವರೆ ಕಿಲೋ ಹತ್ತಿರದ ಗಟ್ಟಿ. ನ್ಯೂಯಾರ್ಕಿನ ವಾಯಿದೆ ಪೇಟೆಗೆ 100 ಔನ್ಸ್ ಇಲ್ಲವೇ ಕಿಲೋ ಗಟ್ಟಿ. ನಮ್ಮ ಮುಂಬೈ-ದುಬೈ ಹಾದಿಗೆ ಮೊದಲಿನಿಂದಲೂ ಹತ್ತು ತೊಲದ ಬಿಸ್ಕತ್ತು, 116.64 ಗ್ರಾಂ, ಅಂಗೈಯಲ್ಲಿ ಮುಚ್ಚಿಡಬಹುದಾದ್ದು. 2025ರ ಆರಂಭದಲ್ಲಿ ಅಮೆರಿಕ ಚಿನ್ನಕ್ಕೂ ಸುಂಕ ಹಾಕೀತೆಂಬ ಗಾಬರಿಗೆ ಲಂಡನ್ನಿನ ದೊಡ್ಡ ಗಟ್ಟಿಗಳು ವಿಮಾನ ಹತ್ತಿ ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿ ಕರಗಿ ಕಿಲೋ ಗಟ್ಟಿಯಾಗಿ, ಅಲ್ಲಿಂದ ನ್ಯೂಯಾರ್ಕಿಗೆ ಹಾರಿದವು. ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷರು ಚಿನ್ನಕ್ಕೆ ಸುಂಕವಿಲ್ಲ ಎಂದು ಹೇಳಿಬಿಟ್ಟರು. ಆ ಹೊತ್ತಿಗೆ ಕರಗಿಸಿದವರ ಕೂಲಿ ಸಂದಾಯವಾಗಿತ್ತು.

ಹಳೆ ಚಿನ್ನ ಗಡಿ ದಾಟಿದ ಅತಿ ದೊಡ್ಡ ಕಥೆ ಮಾತ್ರ ನಮ್ಮದೇ, ಅದಕ್ಕೆ ನೂರು ವರ್ಷ ಹತ್ತಿರ ಬಂತು. 1929ರ ನಂತರ ಬತ್ತ, ಹತ್ತಿ, ಜೋಳದ ಬೆಲೆ ನೆಲಕಚ್ಚಿತು. ಕಂದಾಯ, ಸಾಲದ ಬಡ್ಡಿ ಇದ್ದಲ್ಲೇ ಇದ್ದವು. 1931ರ ಸೆಪ್ಟೆಂಬರ್ 21ಕ್ಕೆ ಬ್ರಿಟನ್ ತನ್ನ ಪೌಂಡನ್ನು ಚಿನ್ನದಿಂದ ಬಿಡಿಸಿಕೊಂಡಿತು. ಪೌಂಡಿಗೆ ಕಟ್ಟಿದ್ದ ರೂಪಾಯಿಯೂ ಜತೆಗೇ ಇಳಿಯಿತು, ರೂಪಾಯಿ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ಹಳ್ಳಿಹಳ್ಳಿಯಲ್ಲಿ ರೈತರು ಹೆಂಡತಿಯ ಕಿವಿ-ಕೊರಳಿನದನ್ನು ತಂದು ಸಾಹುಕಾರನ ಮುಂದೆ ಇಟ್ಟರು. ಅದು ಪಟ್ಟಣದ ಚಿನಿವಾರನಿಗೆ, ಅಲ್ಲಿಂದ ಬೊಂಬಾಯಿಗೆ ಸಾಗಿ, ಗಟ್ಟಿಯಾಗಿ ಎರಕಗೊಂಡು ಲಂಡನ್ನಿನ ಹಡಗು ಹತ್ತಿತು. ಎಷ್ಟೋ ಶತಮಾನ ಚಿನ್ನವನ್ನು ಒಳಗೆ ಎಳೆದುಕೊಳ್ಳುತ್ತಿದ್ದ ದೇಶ ಕೆಲವೇ ತಿಂಗಳಲ್ಲಿ ಹೊರಗೆ ಸುರಿಯತೊಡಗಿತು. ರಫ್ತು ನಿಲ್ಲಿಸಿ ಎಂದು ನಮ್ಮ ವರ್ತಕರೂ ರಾಷ್ಟ್ರೀಯ ನಾಯಕರೂ ಕೂಗಿಕೊಂಡರು. ಸರ್ಕಾರ ಕೇಳಲಿಲ್ಲ. ಬ್ರಿಟನ್ನಿನ ಆಗಿನ ಹಣಕಾಸು ಮಂತ್ರಿ ನೆವಿಲ್ ಚೇಂಬರ್ಲೇನ್ ಮನೆಯವರಿಗೆ ಬರೆದ ಕಾಗದದಲ್ಲಿ ಭಾರತದ ಈ ಚಿನ್ನ ತಮಗೆ ಸಿಕ್ಕ ಗಣಿಯೆಂದು ಹಿಗ್ಗಿದ್ದರು.

ಇಲ್ಲೊಂದು ವಿಚಿತ್ರ. 1922ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಬೊಂಬಾಯಿಗೆ ಚಿನ್ನ-ಬೆಳ್ಳಿ ತುಂಬಿಕೊಂಡು ಹೊರಟಿದ್ದ ‘ಈಜಿಪ್ಟ್’ ಎಂಬ ಹಡಗು ಫ್ರಾನ್ಸ್ ತೀರದಾಚೆ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತ್ತು. ಅದರ ಗಟ್ಟಿಗಳನ್ನು ಇಟಲಿಯ ಮುಳುಗುಗಾರರು ಮೇಲೆತ್ತಲು ಶುರುಮಾಡಿದ್ದು 1932ರಲ್ಲಿ. ನಮ್ಮ ಹೆಂಗಸರ ಚಿನ್ನ ಅದೇ ವರ್ಷ ಅದೇ ಸಮುದ್ರದ ಮೇಲೆ ಎದುರು ದಿಕ್ಕಿಗೆ ಹೋಗುತ್ತಿತ್ತು.

ಆ ಗಟ್ಟಿಗಳಲ್ಲಿ ಧಾರವಾಡದ ಸರ ಯಾವುದು, ಗುಂಟೂರಿನ ಕಡಗ ಯಾವುದು ಎಂದು ಹೇಳಬಲ್ಲವರು ಯಾರೂ ಇಲ್ಲ. ಕರಗಿದ ಚಿನ್ನಕ್ಕೆ ಊರಿಲ್ಲ. ಇಂದಿನ ದೊಡ್ಡ ತಲೆನೋವೂ ಇದೇ. ಜಗತ್ತಿನ ಪೇಟೆಗೆ ವರ್ಷಕ್ಕೆ ಬರುವ ಚಿನ್ನದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಹಳೆಯದು, ಮರುಬಳಕೆಯದು. ಗಣಿಯ ಚಿನ್ನವಾದರೆ ಯಾವ ಗಣಿ, ಯಾರ ಕೈಯಲ್ಲಿದೆ, ಅಲ್ಲಿ ಯುದ್ಧವಿದೆಯೇ ಎಂದು ಕೇಳುತ್ತಾರೆ. ಹಳೆಯದಾದರೆ ಗಣಿಯವರೆಗೂ ಹೋಗಬೇಕಿಲ್ಲ, ನಿಜವಾಗಿ ಹಳೆಯದೇ ಎಂದು ಖಾತ್ರಿಪಡಿಸಿದರೆ ಸಾಕು. ಸಂದಿ ಇರುವುದು ಅಲ್ಲೇ. 2023ರ ಏಪ್ರಿಲ್‌ನಿಂದ ಸುಡಾನಿನಲ್ಲಿ ಅಂತರ್ಯುದ್ಧ. ಅಲ್ಲಿಯ ಚಿನ್ನದ ದೊಡ್ಡ ಪಾಲು ಬರುವುದು ಎಮಿರೇಟ್ಸ್‌ಗೆ. ಗಣಿಯ ಚಿನ್ನವನ್ನು ಒರಟು ಬಳೆಯಾಗಿ ತಟ್ಟಿದರೆ, ಮತ್ತೆ ಕರಗಿಸಿದರೆ, ಕಾಗದದಲ್ಲಿ ಅದು ಯಾರದೋ ಅಜ್ಜಿಯ ಹಳೆ ಬಳೆ. ಕುಸುರಿಯೇ ಇಲ್ಲದ, ಸವೆದ ಗುರುತೇ ಇಲ್ಲದ ದಪ್ಪ ಬಳೆ ನೋಡಿದರೆ ನಮ್ಮವರಿಗೆ ತಿಳಿಯುತ್ತದೆ, ಇದು ಯಾವ ಕೈಯೂ ತೊಟ್ಟದ್ದಲ್ಲ ಎಂದು. ಬಳೆಯ ಒಳಮೈ ನೋಡಬೇಕು. ತೊಟ್ಟದ್ದಾದರೆ ಅಲ್ಲಿ ನುಣುಪು ಇರುತ್ತದೆ.

ಎಮಿರೇಟ್ಸನ್ನು 2022ರ ಮಾರ್ಚ್‌ನಲ್ಲಿ ಅಕ್ರಮ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಹಣಕಾಸು ಕಾರ್ಯಪಡೆ ಎಫ್‌ಎಟಿಎಫ್ ತನ್ನ ಬೂದು ಪಟ್ಟಿಗೆ ಸೇರಿಸಿದ ಮೇಲೆ ನಿಯಮ ಬಿಗಿಯಾಯಿತು. 2024ರ ಫೆಬ್ರವರಿಯಲ್ಲಿ ಹೆಸರು ತೆಗೆದರೂ ಬಿಗಿ ಉಳಿಯಿತು. 55,000 ದಿರ್ಹಂ ಮುಟ್ಟಿದ ನಗದು ವ್ಯವಹಾರವನ್ನು ಅಂಗಡಿಯವರು ಸರ್ಕಾರಕ್ಕೆ ವರದಿ ಮಾಡಬೇಕು. ನಿಯಮ ಬೇಕು, ನಾನು ಬೇಡ ಅನ್ನುವವನಲ್ಲ. ಆದರೆ ನಾನು ಕಂಡಂತೆ ಅದರ ಭಾರ ಬಿದ್ದದ್ದು ಅಮ್ಮನ ಬಳೆ ತಂದವರ ಮೇಲೆ. ಗುರುತಿನ ಚೀಟಿ, ವೀಸಾ, ಕೆಲಸದ ವಿವರ, ಕೊಂಡ ಬಿಲ್ಲು! ಅಮ್ಮನಿಗೆ ಅವಳ ಅಮ್ಮ ಕೊಟ್ಟದ್ದಕ್ಕೆ ಯಾವ ಬಿಲ್ಲು? ಕಿಲೋ ಗಟ್ಟಿ ತಂದವನ ಕೈಯಲ್ಲಿ ಮಾತ್ರ ಅಚ್ಚುಕಟ್ಟಾದ ಫೈಲ್ ಇರುತ್ತಿತ್ತು.

ಹಾಗಾಗಿ ಊರಿನಿಂದ ಹೊರಡುವವರಿಗೆ ಒಂದು ಮಾತು. ಬೆಲೆಬಾಳುವ ಒಡವೆ ತೊಟ್ಟು ಅಥವಾ ಹೊತ್ತು ಪರದೇಶಕ್ಕೆ ಹೋಗುವಾಗ ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು. ಒಡವೆ ತೋರಿಸಬೇಕು, ಅವರು ತೂಕ-ವಿವರ ಬರೆದುಕೊಡುತ್ತಾರೆ. ಮರಳುವಾಗ ಅದೇ ಒಡವೆಗೆ ಸುಂಕದ ಪ್ರಶ್ನೆ ಬರುವುದಿಲ್ಲ. ಅಲ್ಲಿ ಮಾರಬೇಕಾಗಿ ಬಂದರೆ ‘ಎಲ್ಲಿಯದು’ ಎಂಬ ಪ್ರಶ್ನೆಗೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ. ಚೆಕ್-ಇನ್ ಆಗುವ ಮೊದಲು, ಮೂಲ ಬಿಲ್ಲು ಇದ್ದರೆ ಬಿಲ್ಲಿನ ಸಮೇತ, ಇಲ್ಲವಾದರೆ ಸರ್ಕಾರ ಒಪ್ಪಿದ ಮೌಲ್ಯಮಾಪಕರ ಚೀಟಿಯೊಂದಿಗೆ ಹೋಗಿ. ಕೌಂಟರ್ ಎಲ್ಲಿದೆ ಎಂದು ಕೇಳಿದರೆ ಅಲ್ಲಿಯ ಸಿಬ್ಬಂದಿಯೇ ಕೆಲವೊಮ್ಮೆ ಮುಖ ಮುಖ ನೋಡುತ್ತಾರೆ. ಅದಕ್ಕೆಂದೇ ಒಂದು ತಾಸು ಮುಂಚೆ ಮನೆ ಬಿಡಿ.